ಟರ್ಮಿನಲ್‌ನಲ್ಲಿ ಮೇಲ್ ಬರೆಯೋಕೆ ಮೇಲ್‌ಎಕ್ಸ್ ಸಾಕಾ, ಮಟ್ ಬೇಕಾ?

ಮೇಲ್‌ಎಕ್ಸ್, ಮಟ್ ಎರಡೂ ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಓಡುವ ಮೇಲ್ ಪ್ರೋಗ್ರಾಂಗಳು. ಸರ್ವರ್‌ನಿಂದ "ಬ್ಯಾಕಪ್ ಮುಗೀತು" ಅಂತ ಒಂದು ಸಾಲು ಕಳಿಸಬೇಕಾ? ಮೇಲ್‌ಎಕ್ಸ್ ಸಾಕು. ಪೈಪ್‌ನಲ್ಲಿ (ಒಂದು ಆಜ್ಞೆಯ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಕೊಡುವ | ಚಿಹ್ನೆ) ಪಠ್ಯ ಕೊಟ್ಟು, ಮೈನಸ್ ಎಸ್ ಹಾಕಿ ವಿಷಯ ಬರೆದು, ಕೊನೆಗೆ ವಿಳಾಸ ಕೊಟ್ಟರೆ ಆಯ್ತು.

ಕೂತು ಬರೆಯುವಾಗ ಕಥೆ ಬೇರೆ. ಮೇಲ್‌ಎಕ್ಸ್‌ನ ಮೂಲ 1978ರ ಯುನಿಕ್ಸ್ ಪ್ರೋಗ್ರಾಂ ಬರ್ಕ್ಲಿ ಮೇಲ್, ನಡವಳಿಕೆಯೂ ಆ ಕಾಲದ್ದೇ. ಎಂಟರ್ ಒತ್ತಿದ ಮೇಲೆ ಹಿಂದಿನ ಸಾಲಿಗೆ ಹೋಗೋಕೆ ಆಗಲ್ಲ. ತಪ್ಪು ಕಂಡರೆ ಹೊಸ ಸಾಲಿನ ಶುರುವಿನಲ್ಲೇ ~ ಚಿಹ್ನೆ, ಪಕ್ಕದಲ್ಲಿ ವಿ ಹೊಡೆದು ಎಂಟರ್ ಒತ್ತಬೇಕು, ಆಗ ಎಡಿಟರ್ (ಪಠ್ಯ ತಿದ್ದುವ ಪ್ರೋಗ್ರಾಂ) ತೆರೆಯುತ್ತದೆ. ಮುಗಿಸೋಕೆ ಕಂಟ್ರೋಲ್-ಡಿ. "ಕಳಿಸಲಾ?" ಅಂತ ಅದು ಕೇಳಲ್ಲ. ಅರ್ಧ ಬರೆದ ರಜೆ ಅರ್ಜಿ ನನ್ನ ಕೈಯಿಂದ ಜಾರಿದ್ದು ಹೀಗೇ.

ಮಟ್ 1995ರದ್ದು, ಮೈಕೆಲ್ ಎಲ್ಕಿನ್ಸ್ ಬರೆದದ್ದು. ವಿಮ್ ಆಗಲಿ ನ್ಯಾನೋ ಆಗಲಿ, ನಿಮ್ಮ ಎಡಿಟರನ್ನೇ ತೆರೆಯುತ್ತದೆ. ಸೇವ್ ಮಾಡಿ ಹೊರಬಂದರೆ ಯಾರಿಗೆ, ವಿಷಯ ಏನು, ಲಗತ್ತು ಯಾವುದು ಅಂತ ಒಂದೇ ಪರದೆಯಲ್ಲಿ ತೋರಿಸುತ್ತದೆ. ಎ ಒತ್ತಿದರೆ ಫೈಲ್ ಸೇರುತ್ತದೆ, ವೈ ಒತ್ತಿದರೆ ಹೋಗುತ್ತದೆ, ದೊಡ್ಡ ಪಿ ಒತ್ತಿದರೆ ನಾಳೆಗೆ ಉಳಿಯುತ್ತದೆ.

ಲಗತ್ತಿನ ವಿಷಯದಲ್ಲಂತೂ ಮೇಲ್‌ಎಕ್ಸ್ ತಲೆನೋವು. ಆ ಹೆಸರಿನ ಪ್ರೋಗ್ರಾಂ ಒಂದಲ್ಲ, ಹಲವು. ಎಸ್-ನೇಲ್‌ನಲ್ಲಿ ಮೈನಸ್ ಎ ಅಂದರೆ ಫೈಲ್ ಲಗತ್ತಿಸು, ಡೆಬಿಯನ್ ಲಿನಕ್ಸ್‌ನ ಬಿಎಸ್‌ಡಿ-ಮೇಲ್‌ಎಕ್ಸ್‌ನಲ್ಲಿ ಅದೇ ಅಕ್ಷರ ಹೆಡರ್ (ಮೇಲ್‌ನ ತಲೆಭಾಗದ ಸಾಲು) ಸೇರಿಸುತ್ತದೆ!

ಮಟ್‌ಗೆ ಮೊದಲು ಸ್ವಲ್ಪ ಸೆಟ್ಟಿಂಗ್ ಬರೆಯಬೇಕು, ಒಂದು ಸಂಜೆ ಹೋಗುತ್ತದೆ. ಕನ್ನಡ ಎರಡರಲ್ಲೂ ಪರದಾಟವೇ, ಎಷ್ಟೋ ಟರ್ಮಿನಲ್‌ಗಳು ಒತ್ತಕ್ಷರವನ್ನು ಒಡೆದು ತೋರಿಸುತ್ತವೆ. ಮಟ್ ಆದರೆ ಬೇರೆ ಎಡಿಟರ್ ಕಿಟಕಿಯಲ್ಲಾದರೂ ಬರೆಯಬಹುದು, ಅಲ್ವಾ?