ಒಂದೇ ಗೇರ್ ಜೋಡಿ, ಮೂರು ಸಾಫ್ಟ್‌ವೇರ್

ಕಂಪ್ಯೂಟರಿನಲ್ಲಿ ಯಂತ್ರಭಾಗಗಳ 3ಡಿ ಮಾಡೆಲ್ ಮಾಡುವ ಸಾಲಿಡ್‌ವರ್ಕ್ಸ್‌ನಲ್ಲಿ ಕೈ ಪಳಗಿದವರು ಫ್ಯೂಷನ್, ಫ್ರೀಕ್ಯಾಡ್‌ನಂಥ ಬೇರೆ ಸಾಫ್ಟ್‌ವೇರ್‌ಗೆ ಹೋದರೆ ಗೇರ್ ತಿರುಗಿಸುವಾಗ ತಡವರಿಸುವುದು ಜಾಸ್ತಿ. ನಾನೂ ತಡವರಿಸಿದೆ. ಅದಕ್ಕೇ ಒಂದೇ ಜೋಡಿಯನ್ನು ಮೂರರಲ್ಲೂ ಕೂರಿಸಿ ನೋಡಿದೆ. ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 2, ಪಿನಿಯನ್‌ಗೆ, ಅಂದರೆ ಸಣ್ಣ ಗೇರ್‌ಗೆ, 20 ಹಲ್ಲು, ದೊಡ್ಡ ಗೇರ್‌ಗೆ 60. ಪಿಚ್ ವ್ಯಾಸ (ಹಲ್ಲುಗಳು ಒಂದಕ್ಕೊಂದು ಕೂಡುವ ಕಾಲ್ಪನಿಕ ವೃತ್ತದ ವ್ಯಾಸ) 40 ಮತ್ತು 120 ಮಿ.ಮೀ., ಶಾಫ್ಟ್‌ಗಳ ನಡುವೆ 80 ಮಿ.ಮೀ.

ಸಾಲಿಡ್‌ವರ್ಕ್ಸ್‌ನಲ್ಲಿ ಕಾನ್ಸೆಂಟ್ರಿಕ್ (ಅಕ್ಷ ಒಂದಾಗಿಸುವ), ಕೋಇನ್ಸಿಡೆಂಟ್ (ಮುಖಗಳನ್ನು ಒಂದೇ ಮಟ್ಟಕ್ಕೆ ತರುವ) ಮೇಟ್, ಅಂದರೆ ಜೋಡಣೆ, ಹಾಕಿ ಗೇರ್ ಕೂರಿಸುತ್ತೇವೆ, ಆಮೇಲೆ ಎರಡನ್ನೂ ಒಟ್ಟಿಗೆ ತಿರುಗಿಸುವ ಗೇರ್ ಮೇಟ್. ಎರಡು ದುಂಡು ಮುಖ ಆರಿಸಿದರೆ ಅವುಗಳ ವ್ಯಾಸ ನೋಡಿ ಅನುಪಾತವನ್ನು ಅದೇ ತುಂಬುತ್ತದೆ. ಇಲ್ಲಿ ಎಚ್ಚರ ಬೇಕು. ನಾನು ಅವಸರದಲ್ಲಿ ಹಲ್ಲಿನ ತುದಿಯ ಮುಖಗಳನ್ನೇ ಆರಿಸಿದ್ದೆ. ಹೊರವ್ಯಾಸ 44 ಮತ್ತು 124. ಅಂದರೆ ಅನುಪಾತ 3 ಅಲ್ಲ, ಸುಮಾರು 2.82! ಶುರುವಿನಲ್ಲಿ ಎಲ್ಲ ಸರಿಯಾಗೇ ಕಂಡಿತು. ಪಿನಿಯನ್ ಒಂದು ಸುತ್ತು ಮುಗಿಸುವ ಮೊದಲೇ ಹಲ್ಲಿನೊಳಗೆ ಹಲ್ಲು ಹೊಕ್ಕಿತ್ತು. ಅನುಪಾತದ ಜಾಗದಲ್ಲಿ 20, 60 ಎಂದು ನಾನೇ ಬರೆದ ಮೇಲೆ ನೆಟ್ಟಗಾಯಿತು.

ಫ್ಯೂಷನ್‌ನಲ್ಲಿ ಗೇರ್ ಮೇಟ್ ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಮೊದಲು ಎರಡು ಗೇರ್‌ಗೂ ರೆವಲ್ಯೂಟ್ ಜಾಯಿಂಟ್ (ಒಂದೇ ಅಕ್ಷದ ಸುತ್ತ ತಿರುಗಲು ಬಿಡುವ ಜೋಡಣೆ) ಕೊಡಬೇಕು. ಆಮೇಲೆ ಆ ಎರಡು ಜಾಯಿಂಟ್‌ಗಳನ್ನು ಮೋಷನ್ ಲಿಂಕ್‌ನಿಂದ (ಒಂದರ ಚಲನೆಗೆ ಇನ್ನೊಂದನ್ನು ತಳುಕು ಹಾಕುವ ಆಜ್ಞೆ) ಕಟ್ಟಬೇಕು. ಪಿನಿಯನ್‌ಗೆ 360 ಡಿಗ್ರಿ, ದೊಡ್ಡದಕ್ಕೆ 120, ಎದುರು ದಿಕ್ಕಿಗೆ ತಿರುಗಲು ರಿವರ್ಸ್‌ಗೆ ಟಿಕ್. ವ್ಯಾಸದ ಮಾತೇ ಬರುವುದಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಇದೇ. ಒಂದು ಸುತ್ತಿಗೆ ಇನ್ನೊಂದು ಎಷ್ಟು ತಿರುಗಬೇಕು ಅಂತ ನೇರವಾಗಿ ಹೇಳಿಬಿಡಬಹುದು ಅಲ್ವಾ?

ಫ್ರೀಕ್ಯಾಡ್‌ಗೆ ದುಡ್ಡು ಕೊಡಬೇಕಿಲ್ಲ. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿಯಿಂದ ಭಾಗಗಳನ್ನು ಜೋಡಿಸುವ ಅಸೆಂಬ್ಲಿ ವರ್ಕ್‌ಬೆಂಚ್ ಜೊತೆಯಲ್ಲೇ ಬರುತ್ತದೆ. ಅಲ್ಲೂ ಮೊದಲು ರೆವಲ್ಯೂಟ್, ಆಮೇಲೆ ಗೇರ್ಸ್ ಜಾಯಿಂಟ್. ಆದರೆ ಅದು ಕೇಳುವುದು ತ್ರಿಜ್ಯ. ಪಿಚ್ ತ್ರಿಜ್ಯ 20 ಮತ್ತು 60 ಕೊಟ್ಟೆ. ಒಂದು ಭಾಗವನ್ನು ಗ್ರೌಂಡ್ ಮಾಡಲು, ಅಂದರೆ ಅಲುಗದಂತೆ ನಿಲ್ಲಿಸಲು, ಮರೆಯಬೇಡಿ. ಕಲಿಯುವವರಿಗೆ, ಸಣ್ಣ ವರ್ಕ್‌ಶಾಪಿನವರಿಗೆ ಇಷ್ಟು ಧಾರಾಳ ಸಾಕು.

ಈ ಮೂರೂ ಜೋಡಣೆಗಳು ನೋಡುವುದು ಅನುಪಾತವನ್ನು ಮಾತ್ರ, ಹಲ್ಲನ್ನಲ್ಲ. ನನ್ನ ಮಾಡೆಲ್‌ನಲ್ಲಿ ಎರಡು ಗೇರ್‌ಗಳ ಹಲ್ಲೂ ಶಾಫ್ಟ್‌ಗಳನ್ನು ಸೇರಿಸುವ ಮಧ್ಯರೇಖೆ ಮೇಲೆ ಎದುರುಬದುರಾಗಿ ನಿಂತಿದ್ದವು. 60 ಹಲ್ಲಿಗೆ ಒಂದೊಂದು ಹಲ್ಲಿನ ಪಾಲು 6 ಡಿಗ್ರಿ. ಅದರ ಅರ್ಧ, 3 ಡಿಗ್ರಿ, ದೊಡ್ಡ ಗೇರನ್ನು ಮೊದಲೇ ತಿರುಗಿಸಿಟ್ಟು ಆಮೇಲೆ ಲಿಂಕ್ ಹಾಕಿದೆ. ಪಿನಿಯನ್ ಹಲ್ಲು ಸರಿಯಾಗಿ ಸಂದಿಯಲ್ಲಿ ಕೂತಿತು.