ಕ್ವಾರಿ ಲೀಸ್‌ಗೆ ಮುಂಚೆ ಜಮೀನು ಪರಿಶೀಲನೆ: ‘ಬೇಡ’ ಅಂತ ಹೇಳಿದ ಕನ್ಸಲ್ಟೆನ್ಸಿಗೆ ಐದಕ್ಕೆ ಮೂರೂವರೆ

ಲಕ್ಕವಳ್ಳಿ ಕಡೆ ನಮ್ಮ ಭಾವನಿಗೆ ಒಂದಿಷ್ಟು ಪಟ್ಟಾ ಜಮೀನಿದೆ, ಅದರಲ್ಲಿ ಅರ್ಧ ಬರೀ ಬಂಡೆ. ಜಲ್ಲಿ ಕ್ವಾರಿ ಮಾಡೋಣ ಅಂತ ಹೊರಟೆವು. ಅರ್ಜಿ ಹಾಕುವ ಮುಂಚೆ ದಾಖಲೆ ನೋಡಿಸಲು ಶಿವಮೊಗ್ಗದ ಸಣ್ಣ ಕನ್ಸಲ್ಟೆನ್ಸಿಯೊಂದಕ್ಕೆ ಕೊಟ್ಟೆವು. ಒಬ್ಬರು ನಿವೃತ್ತ ಸರ್ವೇಯರ್, ಇನ್ನೊಬ್ಬರು ವಕೀಲರು. ಫೀಸು 15 ಸಾವಿರ.

ಪಹಣಿ ನೋಡಿ ಸುಮ್ನೆ ‘ಆಗುತ್ತೆ ಸಾರ್’ ಅಂದು ಕಳಿಸಲಿಲ್ಲ, ಅದು ಇಷ್ಟವಾಯಿತು. ಪಹಣಿಯಲ್ಲಿ ನನ್ನ ಹೆಸರೇ ಇದೆಯಲ್ಲ, ಇನ್ನೇನು ಬೇಕು ಅಂತ ಭಾವ ವಾದಕ್ಕೆ ಕೂತರು. ವಕೀಲರು ನಿಧಾನವಾಗಿ ಬಿಡಿಸಿ ಹೇಳಿದರು: ಗೋದಾವರ್ಮನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 1996ರ ಡಿಸೆಂಬರ್ 12ರ ಆದೇಶದಿಂದೀಚೆಗೆ ಜಾಗ ಯಾರದು ಅನ್ನೋದಲ್ಲ, ಅದು ಕಾಡು ಹೌದೋ ಅಲ್ಲವೋ ಅನ್ನೋದೇ ಪ್ರಶ್ನೆ, ಕಾಡು ಅಂತಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಒಪ್ಪಿಗೆ ಇಲ್ಲದೆ ಅಲ್ಲಿ ಗಣಿ ಮಾಡುವಂತಿಲ್ಲ. ಹಾಗಾಗಿ ಹಳೇ ಗೆಜೆಟ್ ತೆಗೆಸಿ ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 4 (ಮೀಸಲು ಅರಣ್ಯ ಮಾಡುವ ಪ್ರಸ್ತಾವ), ಸೆಕ್ಷನ್ 17ರ (ಅಂತಿಮ ಘೋಷಣೆ) ಅಧಿಸೂಚನೆಗಳಲ್ಲಿ ನಮ್ಮ ಸರ್ವೆ ನಂಬರ್ ಹುಡುಕಿದರು. ಸರ್ಕಾರ 2022ರಲ್ಲಿ ಸುಮಾರು 3.3 ಲಕ್ಷ ಹೆಕ್ಟೇರ್‌ಗೆ ಇಳಿಸಿದ ಡೀಮ್ಡ್ ಫಾರೆಸ್ಟ್ (ಅಧಿಸೂಚನೆ ಆಗದಿದ್ದರೂ ಕಾಡು ಅಂತಲೇ ಪರಿಗಣಿಸುವ ಜಾಗ) ಪಟ್ಟಿಯನ್ನೂ ನೋಡಿದರು. ಎರಡರಲ್ಲೂ ಇಲ್ಲ. ಭಾವ ಆಗಲೇ ಕ್ರಷರ್ ರೇಟು ವಿಚಾರಿಸುತ್ತಿದ್ದರು!

ಸಿಕ್ಕಿಹಾಕಿಕೊಂಡಿದ್ದು ದೂರದ ಲೆಕ್ಕದಲ್ಲಿ. ಭದ್ರಾ ಅಭಯಾರಣ್ಯದ ಗಡಿಯಿಂದ ಅಳೆದರೆ ಬಂಡೆ ಇರುವ ಭಾಗ 1 ಕಿಲೋಮೀಟರ್ ಒಳಗೇ ಬರುತ್ತದೆ. ಅಭಯಾರಣ್ಯಗಳ ಸುತ್ತ 1 ಕಿಲೋಮೀಟರ್ ಬಫರ್ ಬೇಕೇ ಬೇಕು ಅಂದಿದ್ದ 2022ರ ಜೂನ್ ಆದೇಶವನ್ನು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಸಡಿಲಿಸಿತು, ಆದರೆ ಗಣಿಗಾರಿಕೆಗೆ ಮಾತ್ರ ಆ 1 ಕಿಲೋಮೀಟರ್ ನಿಷೇಧ ಹಾಗೇ ಉಳಿಯಿತು. ಪತ್ರಿಕೆಯಲ್ಲಿ ‘ಸಡಿಲಿಕೆ’ ಅಂತ ಓದಿದವರು ಜಾಸ್ತಿ ಜನ ಈ ಎರಡನೇ ಭಾಗ ಬಿಟ್ಟಿರುತ್ತಾರೆ. ತೋಟ ಮಾಡಿ, ತೊಂದರೆ ಇಲ್ಲ, ಕ್ವಾರಿ ಆಗಲ್ಲ ಅಂದರು. ಕುದುರೆಮುಖದಲ್ಲಿ ಕೇಂದ್ರ ಸರ್ಕಾರದ ಕಂಪನಿಯೇ 2005ರ ಕೊನೆಗೆ ಗಣಿ ನಿಲ್ಲಿಸಬೇಕಾಯಿತು, ನಾವ್ಯಾವ ಲೆಕ್ಕ ಅಲ್ವಾ?

ಈಗ ತಕರಾರು. ವರದಿ ಪೂರ್ತಿ ಇಂಗ್ಲಿಷ್, ಭಾವನಿಗೆ ನಾನೇ ಓದಿ ಹೇಳಬೇಕಾಯಿತು. ನಕ್ಷೆ ಕಪ್ಪು-ಬಿಳುಪು ಜೆರಾಕ್ಸ್, ಅಭಯಾರಣ್ಯದ ಗೆರೆ ಯಾವುದು, ನಮ್ಮ ಬಾಂದು ಕಲ್ಲು ಯಾವುದು ಗೊತ್ತಾಗಲ್ಲ. ಅಳತೆ ಮಾಡಿದ್ದು ಮೊಬೈಲ್ ಜಿಪಿಎಸ್‌ನಲ್ಲಿ. ಜಮೀನಿನ ಕೆಳತುದಿ 1 ಕಿಲೋಮೀಟರ್ ಗೆರೆಗೆ ತೀರಾ ಹತ್ತಿರ ಇದೆ, ಹತ್ತಿಪ್ಪತ್ತು ಮೀಟರ್ ಆಚೀಚೆ ಆದರೂ ಉತ್ತರವೇ ಬದಲಾಗುತ್ತದೆ. ಅದನ್ನು ಕೇಳಿದರೆ ‘ಅದಕ್ಕೆ ಬೇರೆ ಫೀಸು’ ಅಂದರು. ಬರುವಾಗ ಸರ್ಕಾರಿ ಕ್ವಾರಿ ಬ್ಲಾಕ್ ಹರಾಜಿನಲ್ಲಿ ಕೊಡಿಸುತ್ತೇವೆ ಅಂತ ಬ್ರೋಷರ್ ಬೇರೆ ಕೈಗಿಟ್ಟರು, ಕೇಳಿರಲಿಲ್ಲ.

ಕಾಡಂಚಿನ ಜಮೀನಾದರೆ ಇಂಥ ಪರಿಶೀಲನೆಗೆ ಕೊಡಿ. ಡಿಜಿಪಿಎಸ್ (ಮೊಬೈಲ್‌ಗಿಂತ ಹೆಚ್ಚು ನಿಖರವಾದ ಜಿಪಿಎಸ್) ಅಳತೆ, ಕಲರ್ ನಕ್ಷೆ, ಕನ್ನಡ ವರದಿ, ಈ ಮೂರೂ ಅದೇ ಫೀಸಿನಲ್ಲಿ ಬರುತ್ತದೆ ಅಂತ ಅಡ್ವಾನ್ಸ್ ಕೊಡುವ ಮುಂಚೆಯೇ ಬರೆಸಿಕೊಳ್ಳಿ.