ಕಾರಿನ ಅಡಿಯ ಕಪ್ಪೆಲ್ಲ ಡಾಂಬರಲ್ಲ: ಗ್ಯಾಸ್ ಬತ್ತಿ ಹಚ್ಚುವ ಮುನ್ನ ಇದನ್ನು ಓದಿ

ನಮ್ಮ ಅಂಬಾಸಿಡರ್‌ನ ಎಡಗಡೆಯ ಮುಂದಿನ ಮಡ್‌ಗಾರ್ಡ್ ಈಗ ಎಣ್ಣೆಗೆ ಬಿದ್ದ ಹಪ್ಪಳದಂತಿದೆ. ಅದನ್ನು ಹಾಗೆ ಮಾಡಿದ ಗ್ಯಾರೇಜಿನ ಹುಡುಗ ಒಂದು ರಾತ್ರಿ ಆಸ್ಪತ್ರೆಯಲ್ಲಿ ಆಮ್ಲಜನಕದ ಮೇಲೆ ಮಲಗಿದ್ದ. ಮಡ್‌ಗಾರ್ಡ್ ಹೋದರೆ ಹೋಯಿತು, ಹುಡುಗನ ಕೆಮ್ಮು ನಿಲ್ಲಲು ಮೂರು ವಾರ ಬೇಕಾಯಿತು. ಇಷ್ಟಕ್ಕೆಲ್ಲ ಕಾರಣ ಒಬ್ಬ ಮೇಸ್ತ್ರಿಯ ಅವಸರ ಮತ್ತು ನನ್ನ ದಡ್ಡತನ. ಎರಡನೆಯದೇ ಹೆಚ್ಚು ಎಂದು ಏಕೆ ಹೇಳುತ್ತೇನೆಂಬುದು ಮುಂದೆ ಗೊತ್ತಾಗುತ್ತದೆ.

ಕಾರು ಅಪ್ಪನದು, 1984ರದು. ಅಪ್ಪ ಹತ್ತಿಯ ದಲ್ಲಾಳಿ ವ್ಯಾಪಾರ ಮಾಡುತ್ತಿದ್ದರು. ಸಿರುಗುಪ್ಪ, ಕುರುಗೋಡು, ಸಂಡೂರು ಎಲ್ಲ ಕಡೆಗೂ ಅದರಲ್ಲೇ ಓಡಾಟ. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ವರ್ಷಗಳಲ್ಲಿ, ಅಂದರೆ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವವರೆಗೆ, ತೋರಣಗಲ್ಲು ಕಡೆಗೆ ಹೋಗಿ ಬಂದರೆ ಬಿಳಿ ಕಾರು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು. ತುಕ್ಕು ಹಿಡಿಯಬಾರದೆಂದು ಅಪ್ಪ ಕಾರಿನ ಅಡಿಗೆ ಎರಡು ಸಲ ಕಪ್ಪು ಅಂಡರ್‌ಕೋಟಿಂಗ್ ಹೊಡೆಸಿದ್ದರು. ಎರಡೂ ಸಲ ಬೇರೆ ಬೇರೆ ಗ್ಯಾರೇಜು, ಬೇರೆ ಬೇರೆ ಡಬ್ಬಿ. ಡಬ್ಬಿಯಲ್ಲಿ ಏನಿತ್ತೆಂದು ಯಾರೂ ಬರೆದಿಡಲಿಲ್ಲ.

ಕಳೆದ ಯುಗಾದಿಗೆ ಕಾರನ್ನು ಸರಿಮಾಡಿಸುವುದೆಂದು ತೀರ್ಮಾನಿಸಿದೆ. ಅಂಬಾಸಿಡರ್‌ಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ. ತಗಡಿನ ದೇಹವೇ ಭಾರ ಹೊರುವ ಅಸ್ಥಿಪಂಜರ. ಅಡಿಭಾಗಕ್ಕೆ ತುಕ್ಕು ಹಿಡಿದರೆ ಅದು ಅಂದದ ಪ್ರಶ್ನೆಯಲ್ಲ, ಕಾರು ನಿಲ್ಲುತ್ತದೋ ಇಲ್ಲವೋ ಎಂಬ ಪ್ರಶ್ನೆ. ಹಾಗಾಗಿ ಹಳೆಯ ಲೇಪವನ್ನು ಪೂರ್ತಿ ತೆಗೆದು ಒಳಗಿನ ತಗಡು ಹೇಗಿದೆ ನೋಡಲೇಬೇಕಿತ್ತು.

ಬಳ್ಳಾರಿಯ ಒಂದು ಗ್ಯಾರೇಜಿನಲ್ಲಿ ಟಿಂಕರಿಂಗ್ ಮೇಸ್ತ್ರಿ ಮಡ್‌ಗಾರ್ಡ್ ಬಿಚ್ಚಿ, ಬೋರಲು ಹಾಕಿ, ಉಗುರಿನಿಂದ ಒಮ್ಮೆ ಕೆರೆದು ನೋಡಿದರು. “ಡಾಂಬರು ಅಕ್ಕಾ ಇದು. ಗ್ಯಾಸ್ ಬತ್ತಿ ಹಿಡಿದರೆ ಅರ್ಧ ಗಂಟೆಯಲ್ಲಿ ಬಿಡುತ್ತದೆ” ಎಂದರು. ನಾನು ತಲೆಯಾಡಿಸಿದೆ. ಹೊರಗೆ ಮೇ ತಿಂಗಳ ಬಿಸಿಗಾಳಿ, ಹೀಗಾಗಿ ಷಟರ್ ಅರ್ಧ ಎಳೆದಿದ್ದರು. ಫ್ಯಾನು ತಿರುಗಿದರೆ ಬತ್ತಿ ಆರುತ್ತದೆಂದು ಅದನ್ನೂ ನಿಲ್ಲಿಸಿದ್ದರು. ಹುಡುಗ ಬತ್ತಿ, ಅಂದರೆ ಗ್ಯಾಸಿನಿಂದ ಉರಿಯುವ ಬ್ಲೋಟಾರ್ಚ್, ಹಚ್ಚಿಕೊಂಡು ಕುಳಿತ. ನಾನು ಸ್ಟೂಲಿನ ಮೇಲೆ ಕುಳಿತು ಒಗ್ಗರಣೆ ಮಿರ್ಚಿ ತಿನ್ನುತ್ತಿದ್ದೆ.

ಮೊದಲು ಗುಳ್ಳೆ ಎದ್ದವು, ಕಪ್ಪು ಹೊಗೆ ಬಂತು. ಡಾಂಬರು ಸುಟ್ಟರೆ ಬರುವ ವಾಸನೆ ನಮಗೆಲ್ಲ ಗೊತ್ತು, ರಸ್ತೆ ಹಾಕುವಾಗ ಮೂಗಿಗೆ ಬಡಿಯುವ ವಾಸನೆ. ಇದು ಅದಾಗಿರಲಿಲ್ಲ. ಹೊಗೆ ಬಿಳಿಚಿಕೊಂಡಿತು. ಗಂಟಲಿನಲ್ಲಿ ಸೂಜಿ ಚುಚ್ಚಿದಂತಾಯಿತು, ಕಣ್ಣಲ್ಲಿ ನೀರು. ಮಿರ್ಚಿಯ ಖಾರ ಎಂದುಕೊಂಡೆ! ನಾನು ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ರಸಾಯನಶಾಸ್ತ್ರ ಹೇಳಿಕೊಡುವವಳು. ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಯ ಮುಚ್ಚಳ ಎಷ್ಟು ಸಾವಿರ ಸಲ ತೆಗೆದಿದ್ದೇನೋ ಲೆಕ್ಕವಿಲ್ಲ. ಅದೇ ವಾಸನೆ ಎಂದು ಹೊಳೆಯಲು ಎರಡು ನಿಮಿಷ ಹಿಡಿಯಿತು. “ತಮ್ಮಾ, ಆರಿಸು, ಹೊರಗೆ ಬಾ” ಎಂದು ಕೂಗುವಷ್ಟರಲ್ಲಿ ಹುಡುಗ ಎದೆ ಹಿಡಿದುಕೊಂಡು ಕೆಮ್ಮುತ್ತಿದ್ದ. ಕ್ಲೋರಿನ್ ಇರುವ ಪಿವಿಸಿ ಪ್ಲಾಸ್ಟಿಕ್ಕಿನಂಥ ಲೇಪ 200 ಡಿಗ್ರಿಯ ಆಸುಪಾಸಿನಲ್ಲೇ ಒಡೆದು ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಗ್ಯಾಸ್ ಬತ್ತಿಯ ಉರಿ ಸಾವಿರ ಡಿಗ್ರಿಗಿಂತ ಎಷ್ಟೋ ಮೇಲೆ. ಆ ಅನಿಲ ಗಂಟಲಿನ, ಶ್ವಾಸಕೋಶದ ತೇವಕ್ಕೆ ತಾಗಿದೊಡನೆ ಆಮ್ಲವಾಗುತ್ತದೆ. ಅದರ ಪೆಟ್ಟು ಕೆಲವೊಮ್ಮೆ ಗಂಟೆಗಳ ನಂತರ ಕಾಣಿಸಿಕೊಳ್ಳುತ್ತದೆ. ಅದಕ್ಕೇ “ಈಗ ಆರಾಮಿದ್ದೇನೆ” ಎಂದು ಅವನು ಹೇಳಿದರೂ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆ ದಿನ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು.

ಮರುದಿನ ಬೆಳಿಗ್ಗೆ ಇನ್ನೊಂದು ವಿಚಿತ್ರ ಕಂಡಿತು. ಬತ್ತಿ ತಾಗಿದ ಜಾಗದಲ್ಲೆಲ್ಲ ಹೊಸ ಕೇಸರಿ ತುಕ್ಕು. ಬಳ್ಳಾರಿಯ ಬೇಸಿಗೆಯಲ್ಲಿ ಬರಿಯ ಕಬ್ಬಿಣವನ್ನು ವಾರಗಟ್ಟಲೆ ಹೊರಗಿಟ್ಟರೂ ಬಣ್ಣ ಬದಲಾಗುವುದು ಕಷ್ಟ, ಗಾಳಿ ಅಷ್ಟು ಒಣ. ಒಂದೇ ರಾತ್ರಿಯಲ್ಲಿ ತುಕ್ಕು ಬಂದಿದೆ ಎಂದರೆ ಆ ಆಮ್ಲದ ಅನಿಲ ತಗಡಿನ ಮೇಲೂ ಕುಳಿತಿತ್ತು. ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತಿಕ್ಕಿ, ಚೆನ್ನಾಗಿ ತೊಳೆದು, ಬಿಸಿಲಿಗಿಟ್ಟೆ. ತೊಳೆಯದೆ ನೇರವಾಗಿ ಪ್ರೈಮರ್ (ಬಣ್ಣದ ಅಡಿಯ ಮೊದಲ ಲೇಪ) ಬಳಿದಿದ್ದರೆ ಆ ಆಮ್ಲ ಒಳಗೊಳಗೇ ಕೊರೆಯುತ್ತಿತ್ತು. ಅಸಮವಾಗಿ ಕಾದ ತಗಡು ಸೊಟ್ಟಗಾಗಿದ್ದು ಮಾತ್ರ ಯಾವ ಸುತ್ತಿಗೆಗೂ ಸರಿಹೋಗಲಿಲ್ಲ.

ಮೊದಲೇ ಮಾಡಬೇಕಿದ್ದ ಪರೀಕ್ಷೆಯನ್ನು ಆಮೇಲೆ ಮನೆಯ ವರಾಂಡದಲ್ಲಿ ಮಾಡಿದೆ. ಬತ್ತಿ ತಾಗದ ಅಂಚಿನಿಂದ ಉಳಿಯಲ್ಲಿ ಒಂದು ಚಕ್ಕೆ ಎಬ್ಬಿಸಿ ಅಡ್ಡಲಾಗಿ ನೋಡಿದರೆ ಎರಡು ಪದರ ಸ್ಪಷ್ಟವಾಗಿ ಕಾಣುತ್ತಿತ್ತು. ತಗಡಿಗೆ ಅಂಟಿದ್ದು ಮಂಕು ಕಪ್ಪು, ಸುತ್ತಿಗೆಯಿಂದ ತಟ್ಟಿದರೆ ಬೆಲ್ಲದ ಅಚ್ಚಿನಂತೆ ಒಡೆಯುತ್ತಿತ್ತು. ಮೇಲಿನದು ಬೂದುಗಪ್ಪು, ಬಗ್ಗಿಸಿದರೆ ಚಪ್ಪಲಿಯ ಅಟ್ಟೆಯಂತೆ ಬಾಗುತ್ತಿತ್ತು. ಡೀಸೆಲ್ ಅದ್ದಿದ ಬಿಳಿ ಬಟ್ಟೆಯನ್ನು ಒಂದೊಂದರ ಮೇಲೂ ಐದು ನಿಮಿಷ ಒತ್ತಿ ಹಿಡಿದೆ. ಕೆಳಗಿನ ಪದರ ಬಟ್ಟೆಗೆ ಕಾಫಿ ಡಿಕಾಕ್ಷನ್ ಚೆಲ್ಲಿದಂಥ ಕಂದು ಕಲೆ ಬಿಟ್ಟಿತು, ಅದು ಡಾಂಬರಿನ ಜಾತಿ. ಮೇಲಿನ ಪದರದಿಂದ ಬಟ್ಟೆಗೆ ಬಂದಿದ್ದು ಧೂಳು ಮಾತ್ರ.

ಎರಡನೆಯ ಪರೀಕ್ಷೆ ತಾಮ್ರದ ತಂತಿಯದು. ತಂತಿಯನ್ನು ಗ್ಯಾಸ್ ಒಲೆಯ ನೀಲಿ ಉರಿಯಲ್ಲಿ ಕೆಂಪಗೆ ಕಾಯಿಸಿ, ಚಕ್ಕೆಗೆ ಒಮ್ಮೆ ತಾಗಿಸಿ, ಮತ್ತೆ ಉರಿಗೆ ಹಿಡಿಯಬೇಕು. ಹಸಿರು ಜ್ವಾಲೆ ಬಂದರೆ ಕ್ಲೋರಿನ್‌ನಂಥ ಹ್ಯಾಲೋಜನ್ ಇದೆ ಎಂದರ್ಥ. ಸಾಸಿವೆ ಕಾಳಿನಷ್ಟು ಸಾಕು, ಬಯಲಿನಲ್ಲೇ ಮಾಡಬೇಕು. ನನ್ನ ಅಣ್ಣನ ಮಗ ಕರೆಂಟಿನ ವೈರು ಸುಲಿದು ತಂತಿ ತಂದುಕೊಟ್ಟ. ಚಕ್ಕೆ ಮುಟ್ಟಿಸುವ ಮೊದಲೇ ಹಸಿರು! “ಅತ್ತೆ, ಗೊತ್ತಾಯಿತಲ್ಲ, ಕ್ಲೋರಿನ್ ಇದೆ” ಎಂದು ಕುಣಿದ. ವೈರಿನ ಹೊದಿಕೆಯೇ ಪಿವಿಸಿ, ಅದರ ಚೂರು ತಂತಿಗೆ ಅಂಟಿಕೊಂಡಿತ್ತು. ತಂತಿಯನ್ನು ಉಪ್ಪುಕಾಗದದಿಂದ ಉಜ್ಜಿ, ಹಸಿರು ಪೂರ್ತಿ ಹೋಗುವವರೆಗೆ ಸುಟ್ಟುಕೊಂಡು ಮತ್ತೆ ಮಾಡಿದೆವು. ಕೆಳಪದರಕ್ಕೆ ಹಳದಿ ಉರಿ ಮತ್ತು ಮಸಿ, ಮೇಲ್ಪದರಕ್ಕೆ ಗಿಳಿಹಸಿರು. ಮೇಸ್ತ್ರಿ ಉಗುರಿನಿಂದ ಕೆರೆದು ಡಾಂಬರು ಎಂದಿದ್ದು ಈ ಮೇಲ್ಪದರವನ್ನೇ.

ಲೇಪದ ಅಡಿಯ ಕೆಂಪಿನ ಬಗ್ಗೆಯೂ ನಮ್ಮ ಕಡೆಯವರಿಗೆ ಒಂದು ಮಾತು ಹೇಳಬೇಕು. ಬೇರೆ ಊರಿನಲ್ಲಾದರೆ ಕೆಂಪು ಕಂಡರೆ ತುಕ್ಕು. ಇಲ್ಲಿ ಅದು ಅದಿರಿನ ಧೂಳಾಗಿರಬಹುದು, ರೆಡ್ ಆಕ್ಸೈಡ್ ಪ್ರೈಮರ್ ಆಗಿರಬಹುದು, ತುಕ್ಕೂ ಆಗಿರಬಹುದು. ಮೂರರ ಮೂಲವೂ ಕಬ್ಬಿಣದ ಆಕ್ಸೈಡೇ, ಬರಿಗಣ್ಣಿಗೆ ಮೋಸ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರುವುದು ಧೂಳು. ಥಿನ್ನರ್ ಹಚ್ಚಿದಾಗ ನುಣುಪಾಗಿ ಕರಗಿ ಬಂದರೆ ಪ್ರೈಮರ್. ಎರಡಕ್ಕೂ ಬಗ್ಗದೆ, ಉಳಿಯ ಮೊನೆಗೆ ಹೊಟ್ಟಿನಂತೆ ಏಳುವುದು ತುಕ್ಕು. ಕುಂಕುಮಕ್ಕಿಂತ ಸಿಂಧೂರಕ್ಕೆ ಹತ್ತಿರವಾದ ಕಿತ್ತಳೆ ಬಣ್ಣ ಕಂಡರೆ ಒಣಗಿದ್ದಾಗ ಉಜ್ಜಲೇಬೇಡಿ, ಸೀಸದ ಪ್ರೈಮರ್ ಇರಬಹುದು.

ನಮ್ಮ ಮಡ್‌ಗಾರ್ಡಿನಲ್ಲಿ ಮೂರು ಕೆಂಪೂ ಇದ್ದವು. ನನಗೆ ಹೆಚ್ಚು ಸಿಟ್ಟು ಬಂದಿದ್ದು ಇಲ್ಲಿ. ಎರಡನೆಯ ಸಲ ಲೇಪ ಹೊಡೆದ ಪುಣ್ಯಾತ್ಮರು ಮಣ್ಣನ್ನು ತೊಳೆದಿರಲೇ ಇಲ್ಲ. ಅಂಚಿನ ಮೂಲೆಯಲ್ಲಿ ಕುಳಿತಿದ್ದ ಅಂಗೈಯಷ್ಟು ಕೆಂಪು ಕೆಸರಿನ ಮೇಲೇ ಹೊಡೆದು, ನೀರು ಇಳಿಯುವ ತೂತನ್ನೂ ಮುಚ್ಚಿದ್ದರು. ಪ್ರತಿ ಮಳೆಗಾಲದ ನೀರು ಆ ಮಣ್ಣಿನಲ್ಲಿ ಉಳಿದು, ಕಪ್ಪು ಹೊದಿಕೆಯೊಳಗೆ ತಗಡು ಜಾಳುಜಾಳಾಗಿತ್ತು. ಮೇಲಿನಿಂದ ನೋಡಿದರೆ ಹೊಚ್ಚ ಹೊಸದರಂತೆ ಕಪ್ಪಗೆ ಮಿರುಗುತ್ತಿತ್ತು. ಹಳೆಯ ಕಾರು ಕೊಳ್ಳಲು ಹೋದಾಗ ಅಡಿಯಲ್ಲಿ ತಾಜಾ ಕಪ್ಪು ಲೇಪ ಕಂಡರೆ ಸಂತೋಷಪಡಬೇಡಿ, ಸ್ಕ್ರೂಡ್ರೈವರ್ ಹಿಡಿದು ಅಲ್ಲಲ್ಲಿ ಒತ್ತಿ ನೋಡಿ.

ಕ್ರಾಸ್‌ಮೆಂಬರ್ (ಕಾರಿನ ಅಡಿಯ ಅಡ್ಡಪಟ್ಟಿ) ಮತ್ತು ಬ್ಯಾಟರಿ ಕೂರಿಸುವ ತಗಡನ್ನು ನಾವೇ ಬಿಡಿಸಿದೆವು, ಬೆಂಕಿಯೇ ಇಲ್ಲದೆ. ಬಾಗುವ ಮೇಲ್ಪದರಕ್ಕೆ ಕುದಿಯುವ ನೀರು. ನೀರು ಎಷ್ಟೇ ಕುದಿದರೂ 100 ಡಿಗ್ರಿ ದಾಟುವುದಿಲ್ಲ, ಆ ಲೇಪ ಮೆತ್ತಗಾಗುತ್ತದೆಯೇ ಹೊರತು ಒಡೆಯುವುದಿಲ್ಲ. ಕೆಟಲಿನಿಂದ ಸುರಿಯುತ್ತ ಪುಟ್ಟಿ ಬಳಿಯುವ ತಗಡಿನಿಂದ ಎತ್ತಿದರೆ ಪಟ್ಟಿ ಪಟ್ಟಿಯಾಗಿ ಬರುತ್ತದೆ. ಡಾಂಬರಿನ ಪದರಕ್ಕೆ ಬಳ್ಳಾರಿಯ ಬಿಸಿಲೇ ಸಾಕು. ರಸ್ತೆಗೆ ಹಾಕುವ ವಿಜಿ-30 ದರ್ಜೆಯ ಡಾಂಬರಿನ ಮೆತ್ತಗಾಗುವ ಬಿಂದು ಕನಿಷ್ಠ 47 ಡಿಗ್ರಿ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಮೇ ತಿಂಗಳ ಮಧ್ಯಾಹ್ನ ಕಪ್ಪು ತಗಡು ಅದಕ್ಕಿಂತ ಬಹಳ ಮೇಲೆ ಕಾಯುತ್ತದೆ. ಹಳೆಯ ಲೇಪ ಒಣಗಿ ಗಡುಸಾಗಿರುವುದರಿಂದ ಸ್ವಲ್ಪ ಹಟ ಮಾಡಿತು, ಆದರೆ ಎರಡು ಗಂಟೆಗೆ ಬಿಸಿಲಿಗಿಟ್ಟು ನಾಲ್ಕು ಗಂಟೆಗೆ ಕೆರೆದರೆ ಬಂತು. ವಿದೇಶದಲ್ಲಿ ಒಣ ಮಂಜುಗಡ್ಡೆ (ಡ್ರೈ ಐಸ್) ಇಟ್ಟು ಮರಗಟ್ಟಿಸಿ ಒಡೆಯುತ್ತಾರಂತೆ. ನಮಗೆ ದೇವರು ಕೊಟ್ಟಿರುವುದು ಈ ಬಿಸಿಲು. ಉಳಿದ ಕಲೆಗೆ ಡೀಸೆಲ್, ಕೊನೆಗೆ ಸೋಪಿನ ನೀರು. ಪೆಟ್ರೋಲ್ ಬೇಡ. ಡೀಸೆಲ್ ಹಚ್ಚಿದ ಭಾಗದ ಬಳಿ ಗ್ರೈಂಡರ್, ವೆಲ್ಡಿಂಗ್, ಬೀಡಿ ಯಾವುದೂ ಬೇಡ.

ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಒಣದಾಗಿ ಉಜ್ಜುವುದು ಇನ್ನೊಂದು ಅಪಾಯ. ಹಿಂದೆ ಇಂಥ ಲೇಪಗಳಿಗೆ ಕಲ್ನಾರಿನ (ಆಸ್‌ಬೆಸ್ಟಾಸ್) ಎಳೆ ಬೆರೆಸುವ ರೂಢಿ ಇತ್ತು. ಅದು ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಮೂಗಿಗೆ ಕರ್ಚೀಫು ಕಟ್ಟಿದರೆ ಅದು ತಡೆಯುವುದೂ ಇಲ್ಲ. ಒದ್ದೆ ಮಾಡಿ ಕೈಯಿಂದ ಕೆರೆಯುವುದೇ ಕ್ಷೇಮ, ಕೆರೆದಿದ್ದನ್ನು ಒದ್ದೆಯಿರುವಾಗಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು. ಗಾಳಿಯ ಒತ್ತಡದಲ್ಲಿ ಮರಳು ಹೊಡೆಸಿದರೆ ಆಯಿತಲ್ಲ ಎಂದು ಒಬ್ಬರು ಕೇಳಿದರು. ಮೆತ್ತನೆಯ ಲೇಪಕ್ಕೆ ಮರಳು ಬಡಿದರೆ ಪುಟಿದು ವಾಪಸು ಬರುತ್ತದೆ, ತೆಳುವಾದ ತಗಡು ಏಟು ತಿಂದು ಸೊಟ್ಟಗಾಗುತ್ತದೆ. ಸೊಟ್ಟ ತಗಡು ನನ್ನ ಬಳಿ ಈಗಾಗಲೇ ಒಂದಿದೆ.

ಮೇಸ್ತ್ರಿಯೊಂದಿಗೆ ಜಗಳವಾಡಲಿಲ್ಲ. ಆಸ್ಪತ್ರೆಯ ಖರ್ಚನ್ನು ಅರ್ಧರ್ಧ ಹಂಚಿಕೊಂಡೆವು. ಗುಜರಿಯಲ್ಲಿ ಸಿಕ್ಕ ಇನ್ನೊಂದು ಎಡ ಮಡ್‌ಗಾರ್ಡಿನ ದುಡ್ಡು ನನ್ನದೇ. ತಂದು ಬೋರಲು ಹಾಕಿದರೆ ಅದರಡಿಯಲ್ಲೂ ಬೆರಳುದಪ್ಪ ಕಪ್ಪು ಲೇಪ. ಹುಡುಗ ಅದನ್ನು ನೋಡಿ, ಬತ್ತಿಯ ಕಡೆಗೂ ನೋಡದೆ, “ಅಕ್ಕಾ, ತಾಮ್ರದ ತಂತಿ ತಂದಿದ್ದೀರಾ?” ಎಂದ.